ಡಬ್ಬಿ ಸೀಳುವ ಪರಿಮಳ

ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿದು, ಅದರ ಬಣ್ಣದ ಮಗ್ಗುಲನ್ನು ಒಂದು ಥರ್ಮೊಕೋಲ್ ತುಂಡಿನ ಕಡೆ ತಿರುಗಿಸಿ, ಎರಡು ಬೆರಳ ನಡುವೆ ಮಡಚಿ ಹಿಂಡಿ ನೋಡಿ. ಕಂಡೂ ಕಾಣದಂಥ ತುಂತುರು ಚಿಮ್ಮುತ್ತದೆ, ಮೂಗಿಗೆ ಹಣ್ಣಿನ ಘಮ ಬಡಿಯುತ್ತದೆ. ತುಂತುರು ಬಿದ್ದ ಕಡೆಯಲ್ಲೆಲ್ಲ ಥರ್ಮೊಕೋಲಿನ ಬಿಳಿ ಮೈ ಮೆಲ್ಲಗೆ ಕುಸಿದು ಸಣ್ಣ ಸಣ್ಣ ಕುಳಿ ಬೀಳುತ್ತವೆ. ಕುಳಿಯನ್ನು ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಅದೇ ಹಣ್ಣಿನ ರಸ ಹಿಂಡಿ ಸುರಿದರೆ ಏನೂ ಆಗುವುದಿಲ್ಲ. ರಸ ಹುಳಿಯೇನೋ ಹೌದು, ಆದರೆ ಥರ್ಮೊಕೋಲನ್ನು ಕರಗಿಸುವುದು ಹುಳಿಯಲ್ಲ, ಸಿಪ್ಪೆಯೊಳಗಿನ ಎಣ್ಣೆ.

ಆ ಎಣ್ಣೆಯ ಮುಖ್ಯ ದ್ರವ್ಯ ಲಿಮೊನೀನ್. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚು ಇದೇ ಇರುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಮಕ್ಕಳು ಕೊಂಡ ಬಲೂನಿನ ಮೇಲೆ ಕಿತ್ತಳೆ ಸಿಪ್ಪೆ ಹಿಂಡಿದರೆ ಫಟ್ಟೆಂದು ಒಡೆಯುವುದಕ್ಕೂ ಇದೇ ಕಾರಣ. ರಬ್ಬರಿನ ತೆಳು ಪೊರೆಯನ್ನು ಲಿಮೊನೀನ್ ಸಡಿಲಿಸುತ್ತದೆ. ಜಪಾನಿನ ಸೋನಿ ಕಂಪನಿ ತನ್ನ ಟಿವಿ ಪೆಟ್ಟಿಗೆಗಳ ಥರ್ಮೊಕೋಲನ್ನು ಮರುಬಳಕೆಗೆ ತರಲು ಇದೇ ಕಿತ್ತಳೆ ಎಣ್ಣೆಯಲ್ಲಿ ಕರಗಿಸುವ ವಿಧಾನವನ್ನು 1990ರ ದಶಕದಲ್ಲಿ ರೂಪಿಸಿತ್ತು. ಅಂದರೆ ನಾವು ಹಣ್ಣಿನ ವಾಸನೆ ಎಂದು ಮೂಸಿ ಖುಷಿಪಡುವ ವಸ್ತು ಕಾರ್ಖಾನೆಯಲ್ಲಿ ಕರಗಿಸುವ ದ್ರಾವಕವಾಗಿಯೂ ದುಡಿಯುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. 2010ರ ದಶಕದ ಆರಂಭದಲ್ಲಿ ಇ-ಸಿಗರೇಟು ಸೇದುವವರಲ್ಲಿ, ಮುಖ್ಯವಾಗಿ ಅಮೆರಿಕ ಮತ್ತು ಯುರೋಪಿನಲ್ಲಿ, ಒಂದು ದೂರು ಪದೇಪದೇ ಕೇಳಿಬಂತು. ಸಾಧನದ ತುದಿಗೆ ಆವಿಯಾಗಿಸಿ ಸೇದುವ ರಸ ತುಂಬಿಡುವ ಪಾರದರ್ಶಕ ಪ್ಲಾಸ್ಟಿಕ್ ಟ್ಯಾಂಕು ತಾನಾಗಿಯೇ ಮಂಜಾಗಿ, ಗೆರೆ ಬಿಟ್ಟು, ಕೊನೆಗೆ ಸೀಳಿ ಸೋರುತ್ತಿತ್ತು. ಎಲ್ಲ ರಸಕ್ಕೂ ಹೀಗಾಗುತ್ತಿರಲಿಲ್ಲ. ದಾಲ್ಚಿನ್ನಿ, ನಿಂಬೆ, ಕಿತ್ತಳೆ, ಲವಂಗ, ಸೋಂಪು, ಪುದೀನದ ಮೆಂಥಾಲ್, ಕೆಲವು ಬಾಳೆಹಣ್ಣಿನ ಪರಿಮಳ, ಇವೇ ಪದೇಪದೇ ಸಿಕ್ಕಿಬೀಳುತ್ತಿದ್ದವು. ಬಳಕೆದಾರರು ಅವನ್ನು ‘ಟ್ಯಾಂಕು ಒಡಕ’ ರುಚಿಗಳೆಂದು ಪಟ್ಟಿ ಮಾಡಿಕೊಂಡರು. ತಯಾರಕರು ಪ್ಲಾಸ್ಟಿಕ್ ಬಿಟ್ಟು ಗಾಜಿನ ಟ್ಯಾಂಕು ತಂದರು. ಪೇಟೆಯ ಪಾಲಿಗೆ ಸಮಸ್ಯೆ ಅಲ್ಲಿಗೆ ಮುಗಿಯಿತು. ಮುಗಿಯಬಾರದಿತ್ತು ಎಂಬುದು ನನ್ನ ಮಾತು.

ಪ್ಲಾಸ್ಟಿಕ್ ಏಕೆ ಸೀಳುತ್ತದೆ ಎಂಬುದನ್ನು ಮೊದಲು ನೋಡೋಣ. ಆ ಟ್ಯಾಂಕುಗಳು ಬಹುತೇಕ ಪಾಲಿಕಾರ್ಬೊನೇಟ್ ಅಥವಾ ಅಕ್ರಿಲಿಕ್‌ನವು. ಥರ್ಮೊಕೋಲಿನ ಮೂಲವಾದ ಪಾಲಿಸ್ಟೈರೀನ್ ಸಹ ಇದೇ ಬಗೆಯದು. ಗಾಜಿನಂತೆ ಪಾರದರ್ಶಕವಾದ ಇಂಥ ಪ್ಲಾಸ್ಟಿಕ್‌ಗಳ ಒಳಗೆ ಉದ್ದುದ್ದ ಅಣು ಸರಪಳಿಗಳು ಸಾಲುಗಟ್ಟಿ ಕೂತಿರುವುದಿಲ್ಲ, ಒಂದಕ್ಕೊಂದು ಸುತ್ತಿಕೊಂಡು ಬಿದ್ದಿರುತ್ತವೆ. ಇಳಕಲ್ಲಿನ ಮಗ್ಗದ ಮನೆಯಲ್ಲಿ ಗಂಟುಬಿದ್ದ ನೂಲಿನ ಲಡಿಯನ್ನು ಎರಡೂ ಕಡೆಯಿಂದ ಜಗ್ಗಿ ಹಿಡಿದಂತೆ ಅದು. ಒಣ ನೂಲು ಗಂಟಿನ ಹಿಡಿತದಲ್ಲಿ ಗಟ್ಟಿ ನಿಲ್ಲುತ್ತದೆ. ಎಣ್ಣೆ ಸವರಿದರೆ ಎಳೆಗಳು ಒಂದರ ಮೇಲೊಂದು ಜಾರಿ, ಜಗ್ಗಿದ ಕಡೆ ಬಿಟ್ಟುಕೊಳ್ಳುತ್ತವೆ. ಅಚ್ಚಿನಲ್ಲಿ ಎರಕ ಹೊಯ್ದ ಟ್ಯಾಂಕಿನ ಮೈಯಲ್ಲಿ ಬಿಗುವು ಹುಟ್ಟಿನಿಂದಲೇ ಉಳಿದಿರುತ್ತದೆ. ಮುಚ್ಚಳ ತಿರುಗಿಸಿ ಬಿಗಿಮಾಡಿದಾಗ ತಿರುಪಿನ ಹತ್ತಿರ ಇನ್ನಷ್ಟು ಸೇರುತ್ತದೆ. ಲಿಮೊನೀನ್ ಇಲ್ಲವೇ ದಾಲ್ಚಿನ್ನಿಯ ಸಿನಮಾಲ್ಡಿಹೈಡ್ ಸರಪಳಿಗಳ ನಡುವೆ ನುಸುಳಿದರೆ ಮೊದಲು ಕೂದಲೆಳೆಯಂಥ ಬಿರುಕು, ಆಮೇಲೆ ಸೀಳು. ಆದ್ದರಿಂದಲೇ ಹೆಚ್ಚಿನ ಟ್ಯಾಂಕುಗಳು ತಿರುಪಿನ ಬುಡದಲ್ಲಿ ಒಡೆಯುತ್ತಿದ್ದವು. ಇಲ್ಲಿ ಪ್ಲಾಸ್ಟಿಕ್ಕಿಗೂ ಎಣ್ಣೆಗೂ ನಡುವೆ ರಾಸಾಯನಿಕ ಕ್ರಿಯೆ ನಡೆಯಬೇಕಿಲ್ಲ, ಸುಡುವ ಆಮ್ಲವೂ ಬೇಕಿಲ್ಲ. ಒಂದೇ ಸ್ವಭಾವದವು ಒಂದರಲ್ಲೊಂದು ಬೆರೆಯುತ್ತವೆ, ಅಷ್ಟೇ.

ಬಾಳೆಹಣ್ಣಿನ ಪರಿಮಳದ ಮುಖ್ಯ ದ್ರವ್ಯ ಐಸೊಅಮೈಲ್ ಅಸಿಟೇಟ್. ಬಣ್ಣ, ವಾರ್ನಿಷು ತೆಳುಮಾಡಲು ಬಳಸುವ ದ್ರಾವಕಗಳ ಪಟ್ಟಿಯಲ್ಲೂ ಇದಿದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿರುವ ಈಥೈಲ್ ಅಸಿಟೇಟ್ ಇದರ ದಾಯಾದಿ. ಲವಂಗದೆಣ್ಣೆಯ ಯೂಜಿನಾಲ್ ಕೂಡ ಸುಮ್ಮನಿರುವುದಲ್ಲ. ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುವ ಈ ಎಣ್ಣೆಯನ್ನು ಜಿಂಕ್ ಆಕ್ಸೈಡಿನೊಂದಿಗೆ ಕಲೆಸಿ ದಂತವೈದ್ಯರು ತಾತ್ಕಾಲಿಕವಾಗಿ ಹಲ್ಲು ತುಂಬುತ್ತಾರೆ. ಆದರೆ ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್ ಹಾಕುವಾಗ ಅದನ್ನು ದೂರವಿಡುತ್ತಾರೆ. ರಾಳ ಗಟ್ಟಿಯಾಗುವುದನ್ನೇ ಯೂಜಿನಾಲ್ ತಡೆಯುತ್ತದೆ. ಅಂಥ ದ್ರವ್ಯವನ್ನು ತೆಳು ಪ್ಲಾಸ್ಟಿಕ್ ನಳಿಗೆಯಲ್ಲಿ ತುಂಬಿಟ್ಟರೆ ನಳಿಗೆ ತಾಳಿಕೊಳ್ಳಲಿ ಎಂದು ಬಯಸುವುದೇ ತಪ್ಪು.

ನಮ್ಮ ಕಡೆಯ ಅಡುಗೆಮನೆಗೆ ಈ ಪಾಠ ಹೊಸದೇನಲ್ಲ. ಯಾವ ರುಚಿಗೆ ಯಾವ ಪಾತ್ರೆ ಎಂಬ ಲೆಕ್ಕ ಬಾಗಲಕೋಟೆ, ಹುನಗುಂದದ ಮನೆಗಳಲ್ಲಿ ಸೊಸೆ ಅಡುಗೆಮನೆಗೆ ಕಾಲಿಟ್ಟ ದಿನದಿಂದ ಕಲಿಯುವ ವಿದ್ಯೆ. “ಹುಳಿ ಪದಾರ್ಥ ಹಿತ್ತಾಳಿ ಪಾತ್ರ್ಯಾಗ ಇಡಬ್ಯಾಡವಾ, ಕಿಲಬ ಬರತೈತಿ” ಎಂದು ಅತ್ತೆ ಹೇಳಿದರೆ ಅದರ ಹಿಂದೆ ತಲೆಮಾರುಗಳ ಅನುಭವವಿತ್ತು. ಹುಣಸೆಹಣ್ಣಿನ ಹುಳಿಗೆ ತಾಮ್ರ, ಹಿತ್ತಾಳೆಗಳು ಹಸಿರು ಕಿಲುಬು ಬಿಡುತ್ತವೆ. ಆ ಕಿಲುಬು ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು. ಅದಕ್ಕೆ ಪರಿಹಾರವೇ ಕಲಾಯಿ.

ಕಲಾಯಿ ಹಾಕುವವನು ಓಣಿಗೆ ಬಂದರೆ ಮಕ್ಕಳೆಲ್ಲ ಸುತ್ತ ನಿಲ್ಲುತ್ತಿದ್ದರು. ನೆಲದಲ್ಲಿ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿಯೊತ್ತಿ ಬೆಂಕಿ ಕೆಂಪಾಗಿಸುತ್ತಿದ್ದ. ಪಾತ್ರೆಯನ್ನು ಮರಳು ಹಾಕಿ ತಿಕ್ಕಿ ತೊಳೆದು, ಇಕ್ಕಳದಲ್ಲಿ ಹಿಡಿದು ಕಾಯಿಸುತ್ತಿದ್ದ. ಕಾದ ಪಾತ್ರೆಗೆ ಒಂದು ಚಿಟಿಕೆ ನವಸಾಗರ ಉದುರಿಸಿದರೆ ಮೂಗು ಕಟ್ಟುವ ಬಿಳಿ ಹೊಗೆ ಏಳುತ್ತಿತ್ತು. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಲೋಹದ ಮೇಲಿನ ತುಕ್ಕಿನ ಪೊರೆಯನ್ನು ಕಿತ್ತು ತವರ ಹಿಡಿದುಕೊಳ್ಳಲು ಜಾಗ ಮಾಡುವುದು ಅದರ ಕೆಲಸ. ಆಮೇಲೆ ತವರದ ಕಡ್ಡಿಯನ್ನು ಮುಟ್ಟಿಸಿದರೆ ಸಾಕು. 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ತವರ ಥಳಥಳನೆ ಹರಡುತ್ತಿತ್ತು. ಹತ್ತಿಯ ಉಂಡೆಯಿಂದ ಅವನು ಒಳಮೈಗೆಲ್ಲ ಒರೆಸಿಬಿಟ್ಟರೆ ಕಪ್ಪು ಹಿತ್ತಾಳೆ ಬೆಳ್ಳಿಯಂತೆ ಬೆಳಗುತ್ತಿತ್ತು. ಕೂದಲೆಳೆಗಿಂತ ತೆಳುವಾದ ಆ ಲೇಪ ಹುಳಿಗೂ ತಾಮ್ರಕ್ಕೂ ನಡುವೆ ಗೋಡೆಯಾಗಿ ನಿಲ್ಲುತ್ತಿತ್ತು. ತಿಂಗಳುಗಟ್ಟಲೆ ತಿಕ್ಕಿ ತೊಳೆದು ಲೇಪ ಸವೆದಾಗ ಮತ್ತೆ ಕಲಾಯಿ. ಸ್ಟೀಲು ಬಂದ ಮೇಲೆ ಕಲಾಯಿಯವನ ಕೂಗು ನಿಂತಿತು. ಅದರ ಜೊತೆಗೆ ಪಾತ್ರೆಯ ಒಳಮೈಯನ್ನು ಆಗಾಗ ಪರೀಕ್ಷಿಸಿ ನೋಡುವ ರೂಢಿಯೂ ನಿಂತಿತು, ಅದೇ ನನಗೆ ಹೆಚ್ಚು ಬೇಸರದ ಸಂಗತಿ.

ಎಲೆ ಅಡಿಕೆ ಹಾಕುವ ಹಿರಿಯರ ಚಂಚಿಯಲ್ಲಿ ಸುಣ್ಣದ ಡಬ್ಬಿಗೂ ಇದೇ ಲೆಕ್ಕ. ಒದ್ದೆ ಸುಣ್ಣ ಕ್ಷಾರ. ಅಲ್ಯುಮಿನಿಯಂ ಡಬ್ಬಿಯಲ್ಲಿಟ್ಟರೆ ಡಬ್ಬಿಯೇ ತೂತು ಬೀಳುತ್ತದೆ. ಹಿತ್ತಾಳೆಯದಾದರೆ ವರ್ಷಗಟ್ಟಲೆ ಬಾಳುತ್ತದೆ. ಹುಳಿಗೆ ಹೆದರುವ ಹಿತ್ತಾಳೆ ಸುಣ್ಣಕ್ಕೆ ಜಗ್ಗುವುದಿಲ್ಲ. ಪಾತ್ರೆಯಲ್ಲಿ ಒಳ್ಳೆಯದು ಕೆಟ್ಟದ್ದು ಅಂತಿಲ್ಲ, ಅದರೊಳಗೆ ಏನು ತುಂಬುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬನಶಂಕರಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದು ಜೋಳದ ರೊಟ್ಟಿ, ಚಟ್ನಿಯ ಜೊತೆ ಮಣ್ಣಿನ ಪುಟ್ಟ ಗಡಿಗೆಯಲ್ಲಿ ಮಾರುವ ಕೆನೆಮೊಸರು ಆ ರುಚಿ ಕೊಡುವುದರಲ್ಲಿ ಗಡಿಗೆಯ ಪಾಲೂ ಇದೆ. ಸುಟ್ಟ ಮಣ್ಣು ಮೊಸರಿನ ಹುಳಿಗೆ ಬಗ್ಗುವುದಿಲ್ಲ. ಮೊಸರಿನ ನೀರನ್ನು ಮಾತ್ರ ಕೊಂಚ ಹೀರಿಕೊಂಡು ಅದನ್ನು ಗಟ್ಟಿಮಾಡುತ್ತದೆ.

ಕಲ್ಲಿಗೂ ಈ ಭೇದ ಇದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಹಾಸಿದ ಅಡುಗೆಕಟ್ಟೆಯ ಮೇಲೆ ನಿಂಬೆಹಣ್ಣಿನ ಹೋಳು ಇಡೀ ರಾತ್ರಿ ಬಿದ್ದಿದ್ದರೂ ಒರೆಸಿದರೆ ಹೋಯಿತು. ಅದೇ ಹೋಳು ಶಹಾಬಾದ್ ಕಲ್ಲಿನ ಮೇಲೆ ಬಿದ್ದಿದ್ದರೆ ಬೆಳಗಾಗುವಷ್ಟರಲ್ಲಿ ಹೊಳಪು ಸತ್ತ ಮಚ್ಚೆ ಉಳಿಯುತ್ತದೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಹುಳಿ ಅದನ್ನು ತಿನ್ನುತ್ತದೆ. ಬಾಗಲಕೋಟೆ ಸುತ್ತಿನ ನೆಲದಲ್ಲಿ ಸಿಗುವ, ಸಿಮೆಂಟಿಗೆ ಹೋಗುವ ಕಲ್ಲೂ ಅದೇ ಜಾತಿಯದು. ಒಂದೇ ಜಿಲ್ಲೆಯ ಎರಡು ಕಲ್ಲುಗಳ ಮೇಲೆ ಒಂದೇ ನಿಂಬೆಹಣ್ಣು ಎರಡು ಬಗೆಯಾಗಿ ವರ್ತಿಸುತ್ತದೆ.

ಲೋಹ, ಮಣ್ಣು, ಕಲ್ಲುಗಳ ವಿಷಯದಲ್ಲಿ ನಮಗೆ ಗೊತ್ತಿದ್ದುದೆಲ್ಲ ಹುಳಿ ಮತ್ತು ಕ್ಷಾರದ ಲೆಕ್ಕ. ಪ್ಲಾಸ್ಟಿಕ್ ಬಂದು ಆಟದ ನಿಯಮವನ್ನೇ ಬದಲಿಸಿತು. ಹುಳಿಗೆ ಪ್ಲಾಸ್ಟಿಕ್ ಅಷ್ಟಾಗಿ ಹೆದರುವುದಿಲ್ಲ. ಆದ್ದರಿಂದ ಅದು ಎಲ್ಲಕ್ಕೂ ಆಗುವ ಡಬ್ಬಿ ಎಂದು ನಾವು ನಂಬಿದೆವು. ಅದರ ದೌರ್ಬಲ್ಯ ಎಣ್ಣೆ, ಪರಿಮಳ ಮತ್ತು ಬಿಸಿ. ಅಜ್ಜಿಯರ ವಿದ್ಯೆಯಲ್ಲಿ ಇದಕ್ಕೆ ಜಾಗವಿರಲಿಲ್ಲ, ಏಕೆಂದರೆ ಅವರ ಕಾಲದಲ್ಲಿ ಅಂಥ ಪಾತ್ರೆಯೇ ಇರಲಿಲ್ಲ.

ಪುರಾವೆ ಬೇಕಾದರೆ ರಂಜಕದ ಡಬ್ಬಿ ತೆರೆದು ನೋಡಿ. ಹಸಿ ಕೆಂಪು ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ನಿಂಬೆರಸ ಹಾಕಿ ಅರೆದ ಈ ಖಾರವಿಲ್ಲದೆ ನಮ್ಮಲ್ಲಿ ರೊಟ್ಟಿ ಊಟ ಪೂರ್ತಿಯಾಗುವುದಿಲ್ಲ. ಪಿಂಗಾಣಿ ಬರಣಿಯಲ್ಲಿ ವರ್ಷವಿಟ್ಟು ತೊಳೆದರೂ ಬರಣಿ ಬೆಳ್ಳಗೇ ಇರುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ವಾರ ಇಟ್ಟರೆ ಒಳಮೈಗೆಲ್ಲ ಕಿತ್ತಳೆಗೆಂಪು ಹತ್ತುತ್ತದೆ. ಸೋಪು, ಸೀಗೆಕಾಯಿ, ಬಿಸಿನೀರು ಯಾವುದಕ್ಕೂ ಅದು ಬಿಡುವುದಿಲ್ಲ. ಬಣ್ಣ ಮೈಮೇಲೆ ಅಂಟಿ ಕೂತಿಲ್ಲ, ಒಳಗೆ ಇಳಿದಿದೆ. ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು. ಡಬ್ಬಿಯ ಪಾಲಿಪ್ರೊಪಿಲೀನ್ ಸಹ ಎಣ್ಣೆಯ ಬಳಗಕ್ಕೇ ಸೇರಿದ್ದು. ಬೆಳ್ಳುಳ್ಳಿಯ ವಾಸನೆಯೂ ಹಾಗೆಯೇ ಇಳಿಯುತ್ತದೆ, ಮರುದಿನ ಅದೇ ಡಬ್ಬಿಗೆ ಹಾಕಿದ ಅವಲಕ್ಕಿಗೆ ಏರುತ್ತದೆ. ಹಣ್ಣಿನ ರಸದ ಉದ್ಯಮಕ್ಕೂ ಇದು ಹಳೆಯ ತಲೆನೋವು. ಕಿತ್ತಳೆ ರಸವನ್ನು ಪಾಲಿಥೀನ್ ಒಳಪೊರೆಯ ಪೆಟ್ಟಿಗೆಯಲ್ಲಿ ತುಂಬಿಟ್ಟರೆ ಅದರ ಲಿಮೊನೀನಿನ ಗಣನೀಯ ಭಾಗವನ್ನು ಆ ಪೊರೆಯೇ ಹೀರಿಕೊಂಡು ರಸ ಸಪ್ಪೆಯಾಗುತ್ತದೆ.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳು ಪರಿಮಳ ಹೀರಿ ಕೊಂಚ ಉಬ್ಬುತ್ತವೆಯೇ ಹೊರತು ಸುಲಭಕ್ಕೆ ಸೀಳುವುದಿಲ್ಲ. ಅವುಗಳ ಅಣುಗಳು ಕೆಲವೆಡೆಯಾದರೂ ಒತ್ತೊತ್ತಾಗಿ ಸಾಲುಗಟ್ಟಿರುತ್ತವೆ. ಗಾಜಿನಂತೆ ಮಿನುಗುವ, ತಟ್ಟಿದರೆ ಟಣ್ ಎನ್ನುವ ಪ್ಲಾಸ್ಟಿಕ್‌ಗಳೇ ಸೀಳುವವು. ಡಬ್ಬಿಯ ತಳದಲ್ಲಿ ಮೂರು ಬಾಣದ ಗುರುತಿನೊಳಗೆ ಅಂಕಿ ಅಚ್ಚಾಗಿರುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್, 6 ಇದ್ದರೆ ಪಾಲಿಸ್ಟೈರೀನ್, 7ರಲ್ಲಿ ಪಾಲಿಕಾರ್ಬೊನೇಟ್ ಸಹ ಸೇರುತ್ತದೆ. ನಿಂಬೆ ಉಪ್ಪಿನಕಾಯಿಯನ್ನು, ಲವಂಗದೆಣ್ಣೆಯನ್ನು, ನೀಲಗಿರಿ ಎಣ್ಣೆಯನ್ನು 6ರ ಹತ್ತಿರಕ್ಕೂ ಬಿಡಬೇಡಿ. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆಹಣ್ಣು ನಮ್ಮ ಸಂತೆಗಳಿಗೆ ರಾಶಿಯಾಗಿ ಬರುವ ನಾಡು ಇದು. ಸಿಪ್ಪೆ ಸಮೇತ ಹೋಳು ಮಾಡಿ ಹಾಕುವ ಉಪ್ಪಿನಕಾಯಿಯಲ್ಲಿ ಹುಳಿಯೂ ಇದೆ, ಸಿಪ್ಪೆಯ ಎಣ್ಣೆಯೂ ಇದೆ. ಲೋಹಕ್ಕೆ ಮೊದಲನೆಯದು ವೈರಿ, ಪ್ಲಾಸ್ಟಿಕ್ಕಿಗೆ ಎರಡನೆಯದು. ಪಿಂಗಾಣಿ ಮತ್ತು ಗಾಜು ಎರಡಕ್ಕೂ ನಿಲ್ಲುತ್ತವೆ.

ಕಾಗದದ ಕಥೆ ಬೇರೆ. ವಿಜಯಪುರ–ಹೊಸಪೇಟೆ ಹೆದ್ದಾರಿಯಲ್ಲಿ ಹುನಗುಂದ, ಇಳಕಲ್ ದಾಟುವಾಗ ಬಸ್ಸಿಳಿದವರಿಗೆ ಮಿರ್ಚಿ ಭಜಿ, ಗಿರ್ಮಿಟ್ಟು ತಿನ್ನದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಆ ಮಿರ್ಚಿಯನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೊಟ್ಟರೆ ಅಕ್ಷರಗಳು ತಿರುಗಿ ಹಿಟ್ಟಿನ ಮೇಲೆ ಮೂಡುತ್ತವೆ. ಮುದ್ರಣದ ಶಾಯಿಯನ್ನು ಬಿಸಿ ಎಣ್ಣೆ ಕರಗಿಸಿ ಒಳಗೆ ಎಳೆದುಕೊಳ್ಳುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಆಹಾರ ಕಟ್ಟಲು ಪತ್ರಿಕೆ ಬಳಸುವುದನ್ನು ನಿಷೇಧಿಸಿವೆ.

ಪರಿಮಳ, ತಂಬಾಕು ಮತ್ತು ಪ್ಲಾಸ್ಟಿಕ್ ಮೂರೂ ಒಂದೆಡೆ ಸೇರಿದ ವಸ್ತು ನಮ್ಮ ಊರುಗಳಿಗೆ ಇ-ಸಿಗರೇಟಿಗಿಂತ ಎಷ್ಟೋ ಮೊದಲೇ ಬಂದಿತ್ತು. ಗುಟ್ಕಾ ಚೀಟಿ. ಬಸ್ ನಿಲ್ದಾಣದ ಪಾನ್ ಅಂಗಡಿಗಳ ಮುಂದೆ ಸರದಂತೆ ತೂಗುತ್ತಿದ್ದ ಆ ಪುಟ್ಟ ಚೀಟಿಗಳ ಒಳಗೆ ಏಲಕ್ಕಿ, ಮೆಂಥಾಲ್, ಕೇವಡಾದ ಘಮ. ಸುಪ್ರೀಂ ಕೋರ್ಟಿನ 2010ರ ಡಿಸೆಂಬರ್ ಆದೇಶದ ಬೆನ್ನಿಗೆ, 2011ರ ಮಾರ್ಚ್‌ನಿಂದ ಗುಟ್ಕಾ, ತಂಬಾಕು, ಪಾನ್ ಮಸಾಲಾಗಳನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರುವುದಕ್ಕೆ ತಡೆ ಬಿತ್ತು. ಕರ್ನಾಟಕ 2013ರಲ್ಲಿ ಗುಟ್ಕಾವನ್ನೇ ನಿಷೇಧಿಸಿತು. ಮೊದಲು ಹೊದಿಕೆಯ ಪ್ರಶ್ನೆ ಎದ್ದಿತು, ಆಮೇಲೆ ಒಳಗಿನ ಸರಕಿನದು. ಇ-ಸಿಗರೇಟಿನ ಲೋಕದಲ್ಲಿ ಟ್ಯಾಂಕು ಒಡೆದಾಗ ಮೊದಲನೆಯ ಪ್ರಶ್ನೆಗಷ್ಟೇ ಉತ್ತರ ಹುಡುಕಿದರು.

ಇ-ಸಿಗರೇಟಿನ ಆ ರಸದಲ್ಲಿ ಇರುವುದೇನು? ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸಾಮಾನ್ಯವಾಗಿ ನಿಕೋಟಿನ್, ಮೇಲೆ ಪರಿಮಳ. ಬ್ಯಾಟರಿಯಿಂದ ಕಾಯುವ ಒಂದು ಸುರುಳಿ ಅದನ್ನು ಆವಿಯಾಗಿಸುತ್ತದೆ. 2003ರಲ್ಲಿ ಚೀನಾದ ಔಷಧ ತಜ್ಞ ಹಾನ್ ಲಿಕ್ ಈಗಿನ ರೂಪದ ಇ-ಸಿಗರೇಟನ್ನು ರೂಪಿಸಿದಾಗ ಸಿಗರೇಟಿನ ಹೊಗೆಯಿಂದ ಜನರನ್ನು ಬಿಡಿಸುವುದು ಅವನ ಉದ್ದೇಶವಾಗಿತ್ತು. ಹಣ್ಣು, ಮಿಠಾಯಿ, ಐಸ್‌ಕ್ರೀಮುಗಳ ಪರಿಮಳ ಬೆರೆತ ಮೇಲೆ ಅದು ಸಿಗರೇಟನ್ನು ಮುಟ್ಟಿಯೇ ಇರದ ಹದಿಹರೆಯದವರ ಕೈಗೆ ಹೋಯಿತು.

ಮಾರುವವರ ವಾದ ಒಂದೇ: ಇವೆಲ್ಲ ಆಹಾರದಲ್ಲಿ ಬಳಸುವ ಪರಿಮಳ, ಸುರಕ್ಷಿತ. ಆದರೆ ಆಹಾರದ ಪರಿಮಳಗಳಿಗೆ ಸುರಕ್ಷತೆಯ ಮುದ್ರೆ ಒತ್ತುವ ಅಮೆರಿಕದ ಸುವಾಸನಾ ತಯಾರಕರ ಸಂಘವೇ, ತನ್ನ ಮುದ್ರೆ ನುಂಗುವುದಕ್ಕಷ್ಟೇ, ಉಸಿರಿಗೆ ಎಳೆದುಕೊಳ್ಳುವುದಕ್ಕಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಹೊಟ್ಟೆಗೆ ಹೋದದ್ದನ್ನು ಜಠರದ ಆಮ್ಲ ಎದುರುಗೊಳ್ಳುತ್ತದೆ, ಯಕೃತ್ತು ಸೋಸುತ್ತದೆ. ಶ್ವಾಸಕೋಶದ ಗಾಳಿಚೀಲಗಳ ಗೋಡೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟೂ ದಪ್ಪವಿಲ್ಲ. ಅಲ್ಲಿಗೆ ಹೋದದ್ದು ಯಕೃತ್ತಿನ ಕಾವಲು ದಾಟದೆ ನೇರ ರಕ್ತಕ್ಕೆ ಸೇರುತ್ತದೆ.

ಇದು ಬರೀ ತರ್ಕವಲ್ಲ, ಅಮೆರಿಕ ಇದಕ್ಕೆ ಬೆಲೆ ತೆತ್ತಿದೆ. 2000ರಲ್ಲಿ ಮಿಸೌರಿಯ ಜಾಸ್ಪರ್ ಎಂಬ ಊರಿನ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ದುಡಿದಿದ್ದ ಎಂಟು ಮಂದಿಗೆ ಶ್ವಾಸನಾಳದ ಅತಿ ಸಣ್ಣ ಕವಲುಗಳು ಗಾಯವಾಗಿ ಮುಚ್ಚಿಕೊಳ್ಳುವ ರೋಗ ಕಂಡುಬಂತು. ಮತ್ತೆ ಸರಿಹೋಗದ ರೋಗ ಅದು. ಬೆಣ್ಣೆಯ ಘಮಕ್ಕಾಗಿ ಬಳಸುತ್ತಿದ್ದ ಡೈಅಸಿಟೈಲಿನ ಆವಿಯನ್ನು ಅವರು ದಿನವೂ ಉಸಿರಾಡಿದ್ದರು. ಪಾಪ್‌ಕಾರ್ನ್ ನುಂಗಿದ್ದರಿಂದ ಬಂದ ರೋಗವಲ್ಲ ಅದು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ 51 ಬಗೆಯ ಇ-ಸಿಗರೇಟು ರಸಗಳನ್ನು ಪರೀಕ್ಷಿಸಿದಾಗ 39ರಲ್ಲಿ ಡೈಅಸಿಟೈಲ್ ಸಿಕ್ಕಿತು. 2019ರಲ್ಲಿ ಅಮೆರಿಕದಲ್ಲಿ ಇ-ಸಿಗರೇಟಿನಂಥ ಸಾಧನಗಳ ಆವಿ (ವೇಪ್) ಸೇದಿದ ಸಾವಿರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. 2020ರ ಫೆಬ್ರುವರಿಯ ಹೊತ್ತಿಗೆ ಅಂಥ ಪ್ರಕರಣಗಳು 2,807, ಸಾವು 68. ಗಾಂಜಾ ಅಂಶದ ರಸವನ್ನು ದಪ್ಪಮಾಡಲು ಬೆರೆಸಿದ್ದ ವಿಟಮಿನ್-ಇ ಅಸಿಟೇಟ್ ಅದರ ಹಿಂದಿನ ಮುಖ್ಯ ಕಾರಣವೆಂದು ಗುರುತಿಸಲಾಯಿತು. ಮುಖದ ಕ್ರೀಮಿನಲ್ಲಿ, ಮಾತ್ರೆಯಲ್ಲಿ ಅದು ನಿರಪಾಯಕಾರಿ. ಶ್ವಾಸಕೋಶದಲ್ಲಿ ಕೊಂದಿತು.

ಟ್ಯಾಂಕು ಒಡೆಯುವ ದಾಲ್ಚಿನ್ನಿಗೆ ಬರೋಣ. ಅಮೆರಿಕದ ಉತ್ತರ ಕರೊಲಿನಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಿನಮಾಲ್ಡಿಹೈಡ್ ಸೋಕಿಸಿದಾಗ ಶ್ವಾಸನಾಳದ ಕೋಶಗಳ ಮೇಲಿನ ಸೂಕ್ಷ್ಮ ರೋಮಗಳ ಬಡಿತ ನಿಧಾನವಾಯಿತು. ಧೂಳು, ಕಫ, ರೋಗಾಣುಗಳನ್ನು ಮೇಲಕ್ಕೆ ತಳ್ಳಿ ಹೊರಹಾಕುವುದೇ ಆ ರೋಮಗಳ ಕೆಲಸ. ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಇನ್ನೊಂದನ್ನು ತೋರಿಸಿದರು. ವೆನಿಲಾ, ದಾಲ್ಚಿನ್ನಿಯಂಥ ಪರಿಮಳಗಳು ಬಾಟಲಿಯಲ್ಲಿ ಇಟ್ಟಲ್ಲೇ ಪ್ರೊಪಿಲೀನ್ ಗ್ಲೈಕಾಲಿನೊಂದಿಗೆ ಸೇರಿ ಅಸಿಟಲ್ ಎಂಬ ಹೊಸ ಸಂಯುಕ್ತಗಳಾಗುತ್ತವೆ. ಚೀಟಿಯಲ್ಲಿ ಬರೆದದ್ದು ಒಂದು, ಸೇದುವುದು ಇನ್ನೊಂದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು, ಇಲ್ಲವಾದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಪ್ಲಾಸ್ಟಿಕ್ಕನ್ನು ಸೀಳುವ ವಸ್ತುವೆಲ್ಲ ದೇಹಕ್ಕೆ ವಿಷ ಎಂದಲ್ಲ. ಕಿತ್ತಳೆ ಸಿಪ್ಪೆಯ ಮುರಬ್ಬಾ ತಿನ್ನುವವರಿದ್ದಾರೆ. ನುಂಗಿದರೆ ತೊಂದರೆ ಕೊಡದ ಡೈಅಸಿಟೈಲ್ ಶ್ವಾಸಕೋಶವನ್ನು ಹಾಳುಮಾಡೀತು, ಅತ್ತ ಥರ್ಮೊಕೋಲ್ ಕರಗಿಸುವ ಎಣ್ಣೆ ನಾಲಗೆಗೆ ಹಿತವಾಗಿದ್ದೀತು. ಸೀಳಿದ ಟ್ಯಾಂಕು ಹೇಳುವುದು ಎರಡೇ ಸಂಗತಿ. ಮೊದಲನೆಯದು, ಈ ರಸದಲ್ಲಿನ ಪರಿಮಳ ಅಡುಗೆಯಲ್ಲಿನ ಚಿಟಿಕೆಯಲ್ಲ, ದ್ರಾವಕವಾಗಿ ದುಡಿಯುವಷ್ಟು ಗಟ್ಟಿಯಾಗಿದೆ. ಎರಡನೆಯದು, ಪ್ಲಾಸ್ಟಿಕ್ ಕರಗಿದರೆ ಅದು ಎಲ್ಲೋ ಹೋಗಲೇಬೇಕು. ಪಾಲಿಕಾರ್ಬೊನೇಟಿನಲ್ಲಿ ಬಿಸ್ಫಿನಾಲ್-ಎ, ಪಾಲಿಸ್ಟೈರೀನಿನಲ್ಲಿ ಸ್ಟೈರೀನ್ ಎಂಬ ಕಚ್ಚಾ ಅಂಶಗಳು ಉಳಿದಿರುತ್ತವೆ. ಮಂಜಾದ ಟ್ಯಾಂಕಿನೊಳಗಿನ ರಸ ಅವುಗಳ ಜೊತೆಗೇ ಕಾಯ್ದು ಆವಿಯಾಗುತ್ತದೆ. ಗಾಜಿನ ಟ್ಯಾಂಕು ಈ ಎರಡನೆಯ ತೊಂದರೆಯನ್ನು ನೀಗಿತು. ಮೊದಲನೆಯದು ಹಾಗೆಯೇ ಉಳಿಯಿತು. ಈಗ ಎಸೆಯುವ ಸಾಧನಗಳ ಕಾಲ. ಪ್ಲಾಸ್ಟಿಕ್ ಕೋಶ ಮತ್ತೆ ಬಂದಿದೆ, ಒಳಗಡೆ ಮಂಜಾಯಿತೋ ಸೀಳಿತೋ ನೋಡಲು ಕಿಂಡಿಯೂ ಇರುವುದಿಲ್ಲ.

ಭಾರತದಲ್ಲಿ ಇದೆಲ್ಲ ಕಾನೂನುಬಾಹಿರ. ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಅದೇ ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿತು. ತಯಾರಿಕೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ. ದಾಸ್ತಾನಿಗೂ ಆರು ತಿಂಗಳವರೆಗಿನ ಶಿಕ್ಷೆ ಇದೆ. ಹಣ್ಣಿನ ಪರಿಮಳದ್ದೇ ಆದ ಹುಕ್ಕಾವನ್ನು ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ನಿಷೇಧಿಸಿತು. ಇ-ಸಿಗರೇಟಿನ ನಿಷೇಧ ನನಗೆ ಸರಿ ಎನಿಸುತ್ತದೆ. ಆದರೆ ನಿಷೇಧಕ್ಕೊಂದು ಕೊರತೆಯೂ ಇದೆ. ಕದ್ದು ಬರುವ ಮಾಲಿಗೆ ಯಾವ ಪರೀಕ್ಷೆಯೂ ಇಲ್ಲ, ಒಳಗೇನಿದೆ ಎಂದು ನಂಬಬಹುದಾದ ಚೀಟಿಯೂ ಇಲ್ಲ. ಸೇದುವ ಹುಡುಗನಿಗೆ ಅದು ಹಣ್ಣಿನ ಆವಿ ಎಂದಷ್ಟೇ ಗೊತ್ತಿರುತ್ತದೆ. ಆದ್ದರಿಂದ ಕಾನೂನಿನ ಜೊತೆ ತಿಳಿವಳಿಕೆಯೂ ಹೋಗಬೇಕು. ಅದಕ್ಕೆ ಶಾಲೆಯ ವಿಜ್ಞಾನದ ತರಗತಿಗಿಂತ ಒಳ್ಳೆಯ ಜಾಗವಿಲ್ಲ. ಕಿತ್ತಳೆ ಸಿಪ್ಪೆ, ಥರ್ಮೊಕೋಲ್ ತುಂಡು, ಬಲೂನು ಇವಿಷ್ಟಿದ್ದರೆ ಯಾವ ಹಳ್ಳಿಯ ಪ್ರೌಢಶಾಲೆಯಲ್ಲೂ ಈ ಪಾಠ ಮಾಡಬಹುದು. ಸಿಗರೇಟು ಕೆಟ್ಟದ್ದು ಎಂದು ಗೋಡೆಯ ಮೇಲೆ ಬರೆಸುವುದಕ್ಕಿಂತ ಇದು ಮಕ್ಕಳ ತಲೆಯಲ್ಲಿ ಹೆಚ್ಚು ದಿನ ನಿಲ್ಲುತ್ತದೆ.

ತಂದೆತಾಯಿಗಳು ತಿಳಿದಿರಬೇಕಾದ್ದು ಇಷ್ಟು. ಈ ಸಾಧನಗಳು ಸಿಗರೇಟಿನಂತೆ ಕಾಣುವುದಿಲ್ಲ. ಪೆನ್ ಡ್ರೈವ್, ಹೈಲೈಟರ್ ಪೆನ್ನು, ಸಣ್ಣ ಬಣ್ಣದ ಡಬ್ಬಿಯಂತೆ ಇರುತ್ತವೆ. ಬೀಡಿಯ ವಾಸನೆ ಬರುವುದಿಲ್ಲ, ಬೂದಿ ಉದುರುವುದಿಲ್ಲ. ಮಾವು, ಕಲ್ಲಂಗಡಿ, ಪುದೀನದ ಸಿಹಿ ವಾಸನೆ ಬರುತ್ತದೆ. ನಿಕೋಟಿನ್ ರಸ ಚರ್ಮಕ್ಕೆ ತಾಗಿದರೂ ಒಳಗಿಳಿಯುತ್ತದೆ. ಸೋರಿದ ಸಾಧನವನ್ನು ಬರಿಗೈಲಿ ಮುಟ್ಟಬಾರದು, ಎಳೆಯ ಮಕ್ಕಳ ಕೈಗೆ ಸಿಗುವಂತೆ ಬಿಡಲೇಬಾರದು. ಮಗನೋ ಮಗಳೋ ಸೇದುತ್ತಿರುವುದು ಗೊತ್ತಾದರೆ ಹೊಡೆದು ಬಡಿದು ಪ್ರಯೋಜನವಿಲ್ಲ. ಅಷ್ಟರಲ್ಲಿ ಅದು ಹಠವಾಗಿ ಉಳಿದಿರುವುದಿಲ್ಲ, ನಿಕೋಟಿನ್ನಿನ ಚಟವಾಗಿರುತ್ತದೆ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಲು ಹಣ ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.